ಹೆಗಲ ಮೇಲಿನ ಸೈಕಲ್ಲು

ಮೂರು ಚಳಿಗಾಲವಾಯಿತು, ನನ್ನ ಮೊಮ್ಮಗಳು ತೇರಣಾ ಹೊಳೆಯ ದಂಡೆಗುಂಟ ಸೈಕಲ್ ಓಡಿಸತೊಡಗಿ. ಓಡಿಸಲು ಡಾಂಬರು ರಸ್ತೆ ಇಲ್ಲವೇ, ಇದೆ. ಅದು ಅವಳಿಗೆ ಬೇಡ. ಕಲ್ಲು, ಮುಳ್ಳು, ಕೊರಕಲು ಇದ್ದಲ್ಲೇ ಅವಳ ಗಾಲಿ ಉರುಳಬೇಕು. ಮೊದಮೊದಲು ನಾನೂ ಬೈದೆ. ಬೈದು ಬೈದು ನನ್ನ ಬಾಯಿ ನೋಯಿತೇ ಹೊರತು ಅವಳು ಕೇಳಲಿಲ್ಲ. ಆಮೇಲೆ ಅವಳ ಹಿಂದೆ ನಡೆಯುವ ಕೆಲಸ ನನ್ನ ಪಾಲಿಗೆ ಬಂತು. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಬರೆಯುತ್ತೇನೆ. ಭಾಲ್ಕಿ ಕಡೆಯ ಹಳ್ಳಿಯಲ್ಲಿ ಮೂರನೆಯ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಊರು ಉಮರ್ಗಾಕ್ಕೂ ನಿಲಂಗಾಕ್ಕೂ ನಡುವೆ ಹೊಳೆಯ ಮಗ್ಗುಲಲ್ಲಿದೆ. ಮಗ್ಗುಲಲ್ಲಿ ಇತ್ತು ಎನ್ನಬೇಕು. ಭೂಕಂಪವಾದ ಮೇಲೆ ಊರನ್ನು ಎತ್ತಿ ಮರಡಿಯ ಮೇಲೆ, ಬೋಳು ದಿಣ್ಣೆಯ ಮೇಲೆ ಇಟ್ಟರು. ಮನೆಗಳು ಮೇಲೆ ಬಂದವು, ದೇವರು ಕೆಳಗೇ ಉಳಿದ. ನಮ್ಮ ದೇವರು ಬೀರಪ್ಪ. ನಾವು ಹೊಲವನ್ನೂ ಮಾಡುತ್ತೇವೆ, ಕುರಿಯನ್ನೂ ಸಾಕುತ್ತೇವೆ. ಮಗ ಈಗಲೂ ವರ್ಷದಲ್ಲಿ ಆರು ತಿಂಗಳು ಕುರಿಯ ಬೆನ್ನ ಹಿಂದೆಯೇ ಇರುತ್ತಾನೆ. ನಾನು ಮೂವತ್ತು ವರ್ಷ ಹೀಗೇ ನಡೆದವಳು. ಈಗ ಹಿಮ್ಮಡಿ ನೋಯುತ್ತದೆ. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಮೊಳೆಯ ಮೇಲೆ ಇಟ್ಟಂತೆ.

ಮೊಮ್ಮಗಳು ಮಗನ ಮಗಳು, ನಿಲಂಗಾದಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿಗೆ ಲಾತೂರಿನ ಒಬ್ಬ ಹಲ್ಲಿನ ಡಾಕ್ಟರು ಬಂದರಂತೆ. ಅವರು ರೋಗಿಗಳ ಹಲ್ಲು ಕೀಳುವುದು ಬಿಟ್ಟರೆ ಉಳಿದ ಹೊತ್ತೆಲ್ಲ ಸೈಕಲ್ ಮೇಲೆಯೇ ಇರುವವರು. ಅವರದೊಂದು ಗುಂಪು ಇದೆ. ಕಾಡು, ಗುಡ್ಡ, ಹೊಳೆದಂಡೆ ಹುಡುಕಿಕೊಂಡು ಹೋಗಿ ಸೈಕಲ್ ಓಡಿಸುತ್ತಾರೆ, ನಡುನಡುವೆ ಹಳೆಯ ಗುಡಿ, ಕೋಟೆ ಕಂಡರೆ ನಿಂತು ಫೋಟೋ ತೆಗೆಯುತ್ತಾರೆ. ಇವಳು ಕಾಲೇಜಿನಲ್ಲಿ ಓಟದಲ್ಲಿ ಮುಂದಿದ್ದವಳು. ಅವರು ತಮ್ಮ ಗುಂಪಿನ ಹಳೆಯ ಸೈಕಲ್ಲೊಂದನ್ನು ಕೊಟ್ಟು ಓಡಿಸಿ ನೋಡು ಎಂದರು. ಅಲ್ಲಿಂದ ಶುರು.

ಸೈಕಲ್ ಎಂದರೆ ನಮ್ಮ ಹಾಲಿನವನ ಸೈಕಲ್ಲಿನಂಥದ್ದಲ್ಲ. ಗಾಲಿ ದಪ್ಪ, ಮೇಲೆ ಹಲ್ಲು ಹಲ್ಲು. ಮುಂದಿನ ಗಾಲಿಗೆ ಸ್ಪ್ರಿಂಗು, ಕಲ್ಲಿನ ಮೇಲೆ ಇಳಿದರೆ ಕುರಿಯ ಮುಂಗಾಲು ಮಡಚಿದಂತೆ ಮಡಚಿಕೊಳ್ಳುತ್ತದೆ. ಗಾಲಿಯೊಳಗೆ ಟ್ಯೂಬು ಇಲ್ಲ, ಹಾಲಿನಂಥ ರಸ ಹಾಕಿರುತ್ತಾರೆ. ಜಾಲಿಮುಳ್ಳು ಚುಚ್ಚಿದರೆ ಆ ರಸವೇ ಹೊರಗೆ ಬಂದು ತೂತು ಮುಚ್ಚುತ್ತದೆ. ಇದೊಂದನ್ನು ನೋಡಿ ನಾನು ಮೆಚ್ಚಿದೆ. ನಮ್ಮ ಕಾಲಿಗೂ ಇಂಥದ್ದೊಂದು ಇದ್ದಿದ್ದರೆ ಎಂದುಕೊಂಡೆ.

ಹೋದ ವರ್ಷ ಮಳೆ ನಿಂತ ಮೇಲೆ ಡಾಕ್ಟರು ಇವಳಿಗೆ ಒಂದು ಮಾತು ಹೇಳಿದರು. ಗುಂಪಿನವರೆಲ್ಲ ಸೇರಿ ಎರಡು ದಿನದ ಸವಾರಿ ಮಾಡಬೇಕು. ಮೊದಲ ದಿನ ಉಮರ್ಗಾದಿಂದ ಹೊರಟು ಹೊಳೆಯ ಕಣಿವೆಯಲ್ಲಿ ಹಾದು ನಿಲಂಗಾದ ನೀಲಕಂಠೇಶ್ವರ ಗುಡಿ, ಎರಡನೆಯ ದಿನ ದೇವಣಿಯ ಮೇಲೆ ಹಾದು ಉದಗೀರದ ಕೋಟೆ. ಖರೋಸಾದ ಗವಿಗಳನ್ನೂ ಸೇರಿಸಬೇಕೆಂದಿದ್ದರು, ಅದು ಬೇರೆ ದಿಕ್ಕು ಎಂದು ಬಿಟ್ಟರು. ಆ ಗವಿಯೊಳಗೆ ನಾನು ಮಳೆ ಬಂದಾಗ ಕುರಿ ನಿಲ್ಲಿಸಿದ್ದೇನೆ. ಈಗ ಅಲ್ಲಿ ಕಾವಲುಗಾರ ಇದ್ದಾನೆ, ಕುರಿ ಬಿಡುವುದಿಲ್ಲ. ಇರಲಿ. ಕಣಿವೆಯ ದಾರಿ ಹುಡುಕುವ ಕೆಲಸ ಇವಳದು. ಮರ ಇರಬೇಕು, ನೆರಳು ಇರಬೇಕು, ಒಂದು ಗಾಲಿ ಹಿಡಿಸುವಷ್ಟೇ ದಾರಿ ಇರಬೇಕು. ದಾರಿ ಚೆನ್ನಾಗಿದ್ದರೆ ಇನ್ನು ಪ್ರತಿ ಚಳಿಗಾಲವೂ ಗುಂಪನ್ನು ಮುಂದೆ ನಿಂತು ನಡೆಸುವವಳು ಇವಳೇ ಎಂದು ಡಾಕ್ಟರು ಹೇಳಿದ್ದರು. ಅಂದು ರಾತ್ರಿ ಇವಳು ಊಟ ಮಾಡುವುದನ್ನೂ ಮರೆತಳು.

ದಾರಿ ನನಗೆ ಗೊತ್ತಿತ್ತು. ಕುರಿಯ ದಾರಿ. ಕುರಿ ಇಳಿಜಾರಿನಲ್ಲಿ ನೆಟ್ಟಗೆ ಇಳಿಯುವ ಪ್ರಾಣಿಯಲ್ಲ, ಓರೆಯಾಗಿ ಇಳಿಯುತ್ತದೆ. ಹೀಗೆ ಸವೆದ ದಾರಿಯನ್ನು ಮಳೆನೀರು ಕೊರೆಯುವುದಿಲ್ಲ. ಮನುಷ್ಯ ಮಾಡಿದ ದಾರಿ ನೆಟ್ಟಗೆ ಇರುತ್ತದೆ, ಎರಡು ಮಳೆಗೆ ಹಳ್ಳವಾಗುತ್ತದೆ. ಇದನ್ನು ನಾನು ಹೇಳಿದಾಗ ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಸೈಕಲ್ ದಾರಿ ಮಾಡುವ ದೊಡ್ಡ ದೊಡ್ಡವರೂ ಇದನ್ನೇ ಹೇಳುತ್ತಾರಂತೆ. ದೊಡ್ಡವರಿಗೆ ಯಾವ ಕುರಿ ಹೇಳಿತೋ.

ಹಾಗಾಗಿ ಚಳಿಗಾಲದುದ್ದಕ್ಕೂ ವಾರಕ್ಕೆ ಎರಡು ದಿನ ನಾನು ಅವಳ ಹಿಂದೆ ನಡೆದೆ. ಅವಳು ಓಡಿಸುತ್ತಾಳೆ, ಮುಂದೆ ಹೋಗಿ ನಿಲ್ಲುತ್ತಾಳೆ. ನಾನು ಕುಂಟುತ್ತಾ ಹೋಗಿ ಸೇರಿ, ಇಲ್ಲಿ ಎಡಕ್ಕೆ, ಅಲ್ಲಿ ಎರೆಮಣ್ಣು ಇದೆ ಗಾಲಿ ಹೂತುಕೊಳ್ಳುತ್ತದೆ, ಮೇಲಿನ ಗರಸಿನ, ಸಣ್ಣಕಲ್ಲಿನ ನೆಲದ ಮೇಲೆ ಹೋಗು ಎನ್ನುತ್ತೇನೆ. ತಿರುವುಗಳಲ್ಲಿ ಕಲ್ಲಿಗೆ ಸುಣ್ಣ ಬಳಿಯುತ್ತೇವೆ. ಹಳೆಯ ಊರಿನ ಕೆಳಗೆ ಒಂದು ಬಿದ್ದ ಗುಡಿ ಇದೆ, ಹೇಮಾಡಪಂತಿ, ಯಾದವ ರಾಜರ ಕಾಲದ್ದು ಎನ್ನುತ್ತಾರೆ. ಅದರ ಮೆಟ್ಟಿಲ ಮೇಲೆ ನಾವು ಕುಡುಗೋಲು ಮಸೆದು ಮಸೆದು ಕುಳಿ ಬಿದ್ದಿದೆ. ಅವಳು ಅದನ್ನೂ ದಾರಿಗೆ ಸೇರಿಸಿದಳು. ಕುಳಿ ಯಾವ ರಾಜನದು ಎಂದು ಕೇಳಿದರೆ ಏನು ಹೇಳುತ್ತೀ ಎಂದೆ. ನಮ್ಮ ಆಯಿಯದು ಎನ್ನುತ್ತೇನೆ ಎಂದಳು. ಅವಳು ನನ್ನನ್ನು ಕರೆಯುವುದು ಆಯಿ ಎಂದೇ.

ಎಲ್ಲ ಸರಿಹೋಗಿ ಒಂದು ಕಡೆ ಸಿಕ್ಕಿಕೊಂಡಿತು. ಬೀರಪ್ಪನ ಬನ.

ಹೊಳೆಯ ತಿರುವಿನಲ್ಲಿ ಎರಡು ಕೂಗಳತೆಯ ಉದ್ದಕ್ಕೆ ಮರಗಳಿವೆ. ಅತ್ತಿ, ಬೇವು, ಹುಣಸೆ, ಹೊಳೆಮತ್ತಿ. ಈ ಬಯಲು ನಾಡಿನಲ್ಲಿ ಆಕಾಶ ಕಾಣದಷ್ಟು ಮರ ಇರುವುದು ಅಲ್ಲಿ ಒಂದೇ ಕಡೆ. ಯಾಕೆ ಉಳಿದಿವೆ ಎಂದರೆ ಅಲ್ಲಿ ಕಟ್ಟಳೆ ಇದೆ. ಕಾಲಲ್ಲಿ ಚಪ್ಪಲಿ ಕೂಡದು, ಹಸಿ ಟೊಂಗೆ ಮುರಿಯಕೂಡದು, ಗಾಲಿ ಆ ಮಣ್ಣು ಮುಟ್ಟಕೂಡದು. ನಮ್ಮ ಹಿರಿಯರು ದಡ್ಡರಲ್ಲ. ಬಂಡಿ ಬಂದರೆ ಬರಿದೇ ಹೋಗುವುದಿಲ್ಲ, ಕಟ್ಟಿಗೆ ಹೇರಿಕೊಂಡೇ ಹೋಗುತ್ತದೆ. ಅದಕ್ಕೇ ಗಾಲಿಯನ್ನೇ ಬಿಡಲಿಲ್ಲ. ಬಂಡಿಗಳು ಮರಡಿ ಹತ್ತಿ ಸುತ್ತಿ ಹೋಗುತ್ತಿದ್ದವು. ಮರಡಿಯ ಮೇಲೆ ಬರೀ ಗರಸು, ನೆರಳೆಂದರೆ ನಮ್ಮದೇ ನೆರಳು.

ಬನ ಬಿಟ್ಟರೆ ಆ ಕಣಿವೆಯಲ್ಲಿ ನೋಡಲು ಬರುವಂಥದ್ದು ಏನೂ ಇಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ. ಅವಳು ಎರಡು ದಿನ ಸೈಕಲ್ ಮುಟ್ಟಲಿಲ್ಲ. ಮೂರನೆಯ ದಿನ ನಾನೇ ಹೇಳಿದೆ, ನಡೆಯಲಾರದ ಮರಿಯನ್ನು ಏನು ಮಾಡುತ್ತೇವೆ, ಹೆಗಲ ಮೇಲೆ ಹಾಕಿಕೊಂಡು ಹೋಗುತ್ತೇವಲ್ಲ, ಸೈಕಲ್ಲನ್ನೂ ಹಾಗೇ ಹೊತ್ತರೆ ಆಯಿತು ಎಂದು. ಅವಳು ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿ ಅಂಗಳದಲ್ಲಿ ಎರಡು ಸುತ್ತು ಬಂದಳು. ಗುಡ್ಡದಲ್ಲಿ ಹತ್ತಲಾಗದ ಕಡೆ ಅವರು ಹೀಗೆ ಮಾಡುವುದುಂಟಂತೆ.

ಅಮಾವಾಸ್ಯೆಯ ದಿನ ಬೀರಪ್ಪನ ಕಟ್ಟೆಗೆ ಹೋದೆ. ಪೂಜೆ ಮಾಡುವವನು ನನ್ನ ಮೈದುನ, ಗಂಡನ ತಮ್ಮ. ಅವನ ಜೊತೆ ಐದಾರು ಹಿರಿಯರು ಕುಳಿತಿದ್ದರು. ಆ ಕಟ್ಟೆಯ ಮುಂದೆ ಹೆಂಗಸರು ನಿಂತು ಕೇಳುವುದಿದೆ, ಹೇಳುವುದಿಲ್ಲ. ನಾನು ಹೇಳಿದೆ. ಮೈದುನ ತಲೆ ಅಲ್ಲಾಡಿಸಿದ.

"ವೈನಿ, ಇವತ್ತ ಸೈಕಲ್ ಅಂತಿ, ನಾಳೆ ಟ್ರ್ಯಾಕ್ಟರ್ ಅಂತಿ."

"ಟ್ರ್ಯಾಕ್ಟರ್ ಹೆಗಲ ಮ್ಯಾಲ ಹೊತ್ತುಕೊಂಡು ಬರೋ ಗಂಡಸು ಇದ್ರ ಕರ್ಕೊಂಡು ಬಾ. ಅವನಿಗೂ ಬಿಡೂಣು," ಎಂದೆ.

ಮುದುಕರು ನಕ್ಕರು. ನಕ್ಕರೂ ಒಪ್ಪಲಿಲ್ಲ. ಒಬ್ಬ ಹೇಳಿದ, ನಿನ್ನ ಮೊಮ್ಮಗಳು ಹೊರುತ್ತಾಳೆ ಸರಿ, ಅವಳ ಹಿಂದೆ ಬರುವ ಪಟ್ಟಣದವರಿಗೆ ಯಾರು ಜಾಮೀನು ಎಂದು. ಆಗ ನಾನು ಭಂಡಾರ ಎತ್ತಿದೆ. ದೇವರ ಮುಂದಿನ ಅರಿಸಿನ ಅದು. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ನನ್ನ ಮೊಮ್ಮಗಳ ಗಾಲಿಯಾಗಲಿ ಅವಳ ಹಿಂದೆ ಬರುವವರ ಗಾಲಿಯಾಗಲಿ ಬನದ ಮಣ್ಣು ಮುಟ್ಟುವುದಿಲ್ಲ, ಮುಟ್ಟಿದರೆ ಆ ದಾರಿಯನ್ನು ಅಂದೇ ನನ್ನ ಕೈಯಿಂದ ಮುಚ್ಚುತ್ತೇನೆ ಎಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಗಲಿ ಎಂದರು. ಹೆಂಗಸಿನ ಮಾತಿನ ಮೇಲೆ ಆ ಕಟ್ಟೆಯಲ್ಲಿ ಒಂದು ಕೆಲಸ ಆದದ್ದು ನಾನು ಕಂಡಂತೆ ಅದೇ ಮೊದಲು.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ. ಅವಳು ಕುಣಿದಳು. ನಾನು ಕಾಲಿಗೆ ಬಿಸಿನೀರು ಹಾಕಿಕೊಂಡು ಮಲಗಿದೆ.

ಸವಾರಿ ಆದಿತ್ಯವಾರ. ಶನಿವಾರ ಮಧ್ಯಾಹ್ನ ದಾರಿಯನ್ನು ಕೊನೆಯ ಬಾರಿ ನೋಡಿಬರಲು ಹೊರಟೆವು. ಸಂಜೆಗೆ ಅವಳು ಉಮರ್ಗಾ ಸೇರಿಕೊಳ್ಳಬೇಕಿತ್ತು, ಲಾತೂರಿನವರು ಅಲ್ಲಿ ಬಂದು ಇಳಿಯುವವರಿದ್ದರು. ಅಲ್ಲಲ್ಲಿ ಸುಣ್ಣ ಅಳಿಸಿಹೋಗಿತ್ತು, ಮತ್ತೆ ಬಳಿದೆವು. ಬನದ ಬಾಯಿಗೆ ಬಂದಾಗ ಅವಳು ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಸೈಕಲ್ಲನ್ನು ಹೆಗಲಿಗೆ ಎತ್ತಿದಳು. ಎತ್ತುವಾಗ ಮುಖ ಹಿಂಡಿದ್ದನ್ನು ಕಂಡೆ. ಗುರುವಾರ ಹಳ್ಳದಲ್ಲಿ ಬಿದ್ದಿದ್ದಳಂತೆ, ಹೆಗಲು ಬಾತಿತ್ತು. ನನಗೆ ಹೇಳಿರಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ, ಅದು ನಿಜ.

ಅರ್ಧ ಬನ ನಡೆದೆವು. ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ, ಆ ಹೆಗಲಿನಿಂದ ಈ ಹೆಗಲಿಗೆ ಹಾಕುತ್ತಾಳೆ. ಬಿಸಿಲು ಇಳಿಯುತ್ತಿತ್ತು. ನಾನು ಬೆಳಗಿನಿಂದ ನಿಂತವಳು, ಬರಿಗಾಲಲ್ಲಿ ಹಿಮ್ಮಡಿ ಉರಿಯುತ್ತಿತ್ತು, ಹೊಟ್ಟೆಯಲ್ಲಿ ಒಂದು ರೊಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಅವಳ ಹೆಗಲಿನ ಮರುಕದಿಂದ ಹೇಳಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಅದು ಅರ್ಧ ಮಾತ್ರ. ಇನ್ನರ್ಧ ನನ್ನ ಕಾಲು ಹೇಳಿದ್ದು.

"ಇಳಸು. ನೂಕ್ಕೋತ ನಡಿ," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಆಯಿ, ನೀ ಭಂಡಾರ ಎತ್ತೀದಿ."

"ಎತ್ತಿದಾಕಿ ನಾ. ಯಾರೂ ಇಲ್ಲಿಲ್ಲ. ನಡಿ."

ಅವಳು ಇಳಿಸಿದಳು. ಆ ಸೈಕಲ್ಲನ್ನು ನೂಕಿದರೆ ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತದೆ. ಬನದಲ್ಲಿ ಬೇರೆ ಸದ್ದಿಲ್ಲ. ನೂರಾರು ಹೆಜ್ಜೆ ಆ ಟಿಕ್ ಟಿಕ್ ಕೇಳುತ್ತ ನಡೆದೆ. ಆಚೆ ಬಾಯಿಗೆ ಬಂದ ಮೇಲೆ ಅವಳು ಬೂಟು ಹಾಕಿಕೊಂಡು, ನನ್ನ ಕಡೆ ಒಂದು ಸಲ ನೋಡಿ, ಸವಾರಿ ಮಾಡಿಕೊಂಡು ಉಮರ್ಗಾ ದಾರಿ ಹಿಡಿದಳು.

ನಾನು ತಿರುಗಿ ನೋಡಿದೆ. ಬನದ ಮಣ್ಣು ಹೊಳೆಯ ಮೆಕ್ಕಲು, ಅಂಬಲಿ ಹಿಟ್ಟಿನಂತೆ ನುಣುಪು. ಉದುರಿದ ಎಲೆಯನ್ನು ಒತ್ತಿಕೊಂಡು ಅದರ ಮೇಲೆ ಗಾಲಿಯ ಹಲ್ಲಿನ ಗೆರೆ, ದೊಡ್ಡದೊಂದು ಜರಿಹುಳು ಹರಿದುಹೋದ ಹಾಗೆ. ಮೈದುನ ದಿನವೂ ಬೆಳಗ್ಗೆ ಕೊಡ ಹಿಡಿದು ಅದೇ ದಾರಿಯಲ್ಲಿ ದೇವರ ಕಲ್ಲಿಗೆ ಬರುತ್ತಾನೆ. ಕುರುಡನಿಗೂ ಕಾಣುವ ಗೆರೆ.

ನಮ್ಮಂಥ ಕುರಿಯವರಿಗೆ ಇಂಥ ಹೊತ್ತಿನಲ್ಲಿ ಕೈ ತಾನೇ ಓಡುತ್ತದೆ. ಪರರ ತೊಗರಿ ಹೊಲಕ್ಕೆ ನಾಲ್ಕು ಕುರಿ ನುಗ್ಗಿದ್ದರೆ ಬದುವಿನ ಮೇಲಿನ ಗೊರಸಿನ ಗುರುತನ್ನು ಟೊಂಗೆಯಿಂದ ಗುಡಿಸಿಬಿಡುತ್ತಿದ್ದೆವು. ರೈತ ಬಂದು ನೋಡಿದರೆ ಮಣ್ಣು ಸಪಾಟು, ಕುರಿ ಎಲ್ಲಿಯದು. ನಾನು ಹತ್ತು ವರ್ಷದವಳಿದ್ದಾಗಿನಿಂದ ಮಾಡಿದ ಕೆಲಸ. ಹಸಿ ಟೊಂಗೆ ಮುರಿಯಲಿಲ್ಲ, ಕಟ್ಟಳೆ ಅಲ್ಲವೇ. ಬಿದ್ದಿದ್ದ ಬೇವಿನ ಟೊಂಗೆ ಎತ್ತಿಕೊಂಡೆ. ಅಷ್ಟು ಮಡಿ ನನ್ನದು. ಬಗ್ಗಿ ಬಗ್ಗಿ ಗೆರೆಯನ್ನೆಲ್ಲ ಅಳಿಸಿಕೊಂಡು ನಡುಬನದವರೆಗೆ ಹೋದೆ, ಸೊಂಟ ಹಿಡಿದುಕೊಂಡು ಮನೆಗೆ ಬಂದೆ. ರೊಟ್ಟಿ ತಿಂದು ಮಲಗಿದೆ. ನಿದ್ದೆಯೂ ಬಂತು.

ಬೆಳಗ್ಗೆ ಒಲೆ ಹಚ್ಚುವ ಹೊತ್ತಿಗೆ ಮೈದುನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನೀರಿನ ಕೊಡ ತುಂಬಿಯೇ ಇತ್ತು, ದೇವರಿಗೆ ಹಾಕಿರಲಿಲ್ಲ. ಚಹಾ ಇಡುತ್ತೇನೆ ಕೂಡು ಎಂದೆ. ಕೂಡಲಿಲ್ಲ.

"ವೈನಿ, ದೇವರ ಬನ ಕಸಾ ಹೊಡದವರು ಯಾರು?"

ಗಾಳಿ ಬೀಸಿರಬೇಕು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನೇ ಮುಂದೆ ಹೇಳಿದ.

"ಎಲಿ ಉದುರೋ ದಿನ. ಬನದಾಗ ನೆಲಾ ತುಂಬ ಎಲಿ ಬಿದ್ದಾವ. ನಡುವ ಒಂದು ಹಾದಿ ಬೈತಲಿ ತಗದಂಗ ಸ್ವಚ್ಛ ಅದ. ಗಾಲಿ ಗೆರಿ ಕಂಡಿದ್ರ, ಹುಡುಗಿ ಹೆಗಲ ನೋಯ್ತು, ಇಳಿಸ್ಯಾಳ ಅಂತ ನಾ ಸುಮ್ನ ಇರ್ತಿದ್ದೆ. ಕಸಾ ಹೊಡಿಯೋದು ಹುಡುಗೀ ಕೆಲಸ ಅಲ್ಲ. ಬಲ್ಲವರ ಕೆಲಸ."

ಅಷ್ಟು ವರ್ಷ ಕುರಿ ಕಾಯ್ದು ನನಗೆ ಇದು ಹೊಳೆಯಲಿಲ್ಲ ನೋಡಿ. ಉತ್ತ ಹೊಲದ ಬದುವಿನಲ್ಲಿ ಗುಡಿಸಿದ ಮಣ್ಣು ಮಣ್ಣಿನಲ್ಲಿ ಸೇರಿಹೋಗುತ್ತದೆ. ಎಲೆ ತುಂಬಿದ ಬನದಲ್ಲಿ ಗುಡಿಸಿದ ಜಾಗವೇ ಗುರುತು. ಆ ಬನವನ್ನು ಅದು ಹುಟ್ಟಿದಾಗಿನಿಂದ ಯಾರೂ ಗುಡಿಸಿದವರಿಲ್ಲ.

"ನಾನೇ ಹೊಡದೀನಿ," ಎಂದೆ. "ಇಳಸು ಅಂದಾಕಿನೂ ನಾನೇ. ಆಕಿ ಬ್ಯಾಡ ಅಂದಿದ್ದಳು."

ಅವನು ಕೊಡವನ್ನು ಕೆಳಗಿಟ್ಟ. ಅವನು ಕೆಟ್ಟವನಲ್ಲ. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ಆಮೇಲೆ ದನಿ ತಗ್ಗಿಸಿ, ಮಂದಿ ಉಮರ್ಗಾ ಬಿಟ್ಟಾಗಿದೆ, ಇಷ್ಟು ದಿನ ಹುಡುಗಿ ಜೀವ ತೇಯ್ದಿದ್ದಾಳೆ, ಇದೊಂದು ದಿನ ಹೊತ್ತುಕೊಂಡು ಹೋಗಲಿ, ನಾಳೆ ಮುಚ್ಚು, ಕಟ್ಟೆಯವರಿಗೆ ನಾನು ಆಮೇಲೆ ಹೇಳುತ್ತೇನೆ ಎಂದ.

ಆಗಬಹುದು ಎಂದಿದ್ದರೆ ಮುಗಿಯುತ್ತಿತ್ತು. ಲಾತೂರಿನವರು ಮರ ನೋಡಿ ಹಿಗ್ಗುತ್ತಿದ್ದರು, ಇವಳು ಮುಂದಾಳಾಗುತ್ತಿದ್ದಳು. ಆದರೆ ನನ್ನನ್ನು ನಾನು ಬಲ್ಲೆ. ಇವತ್ತು ಬಿಟ್ಟರೆ ನಾಳೆಗೂ ಒಂದು ಕಾರಣ ಹುಟ್ಟುತ್ತದೆ, ನಾಡದ್ದಿಗೂ ಹುಟ್ಟುತ್ತದೆ. ಅಂದೇ ಮುಚ್ಚುತ್ತೇನೆ ಎಂದು ಆರು ಜನ ಗಂಡಸರ ಮುಂದೆ ಹೇಳಿದವಳು ನಾನು. ಅವರು ನಂಬಿದ್ದರು. ಆಗಲೇ ಒಂದು ರಾತ್ರಿ ತಡವಾಗಿತ್ತು. ಇನ್ನೊಬ್ಬ ಹೆಂಗಸು ನಾಳೆ ಆ ಕಟ್ಟೆಗೆ ಹೋಗಿ ಮಾತಾಡಿದರೆ, ಹೆಂಗಸರ ಭಂಡಾರ ಕಂಡಿದ್ದೇವೆ ಬಿಡು ಎನ್ನುತ್ತಾರೆ. ದೇವರ ಹೆದರಿಕೆ ಎಷ್ಟಿತ್ತೋ ಕಾಣೆ, ಇದು ಇತ್ತು.

ಮೊಮ್ಮಗಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಸೈಕಲ್ ಮೇಲೆ ಇದ್ದಾಗ ಅವಳು ಎತ್ತುವುದಿಲ್ಲ. ಒಲೆ ಆರಿಸಿ ಕೋಲು ಹಿಡಿದು ಕೆಳಗೆ ಇಳಿದೆ. ಬನದ ಬಾಯಿಯ ಹತ್ತಿರ ದಾರಿ ಎರಡಾಗುತ್ತದೆ. ಒಂದು ಮರದೊಳಗೆ, ಇನ್ನೊಂದು ಬಂಡಿಯವರ ಹಳೆಯ ದಾರಿ, ಮರಡಿಗೆ. ಅಲ್ಲಿ ಕಲ್ಲಿನ ಮೇಲೆ ಕುಳಿತೆ. ನಮ್ಮದೇ ಸುಣ್ಣದ ಗುರುತು ಆ ಕಲ್ಲಿನ ಮೇಲೆ ಬನದ ಕಡೆ ತೋರಿಸುತ್ತಿತ್ತು. ಮಣ್ಣು ಉಗುಳು ಹಚ್ಚಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಬಿಸಿಲೇರಿದ ಮೇಲೆ ಬಂದರು. ಹದಿನೈದು ಇಪ್ಪತ್ತು ಜನ ಇರಬಹುದು, ಬಣ್ಣಬಣ್ಣದ ಟೊಪ್ಪಿಗೆ, ಒಬ್ಬರ ಹಿಂದೆ ಒಬ್ಬರು. ಕುರಿಯ ದಾರಿಯಲ್ಲಿ ಓರೆಯಾಗಿ ಇಳಿಯುತ್ತಿದ್ದರು, ಚಂದವಾಗಿಯೇ ಕಾಣುತ್ತಿತ್ತು. ಎಲ್ಲರ ಮುಂದೆ ಇವಳು. ಕಲ್ಲಿನ ಹತ್ತಿರ ಇಳಿದು, ಹಿಂದಿನವರಿಗೆ ಕೈ ಮಾಡಿ ನಿಲ್ಲಿಸಿ, ನನ್ನ ಮುಖ ನೋಡುವ ಮೊದಲೇ ಬೂಟಿನ ಲಾಡಿ ಬಿಚ್ಚತೊಡಗಿದ್ದಳು.

"ಬಿಚ್ಚಬ್ಯಾಡ," ಎಂದೆ. "ಮ್ಯಾಲಿನ ಹಾದಿ ಹಿಡಿ."

"ಯಾಕ?"

"ಗಾಲಿ ಮುಟ್ಟ್ಯಾದ. ನಿಮ್ಮ ಮುತ್ಯಾಗ ಗೊತ್ತಾಗ್ಯಾದ."

ಮುತ್ಯಾ ಎಂದರೆ ನನ್ನ ಮೈದುನ, ಅವಳು ಹಾಗೆ ಕರೆಯುತ್ತಾಳೆ. ಅವಳು ಲಾಡಿ ಹಿಡಿದುಕೊಂಡೇ ನಿಂತಳು.

"ಇಳಸು ಅಂದಾಕಿ ನೀನು."

"ಹೌದು, ನಾ."

"ಯಾರರ ನೋಡಿದ್ರೇನು?"

"ಇಲ್ಲ. ನೀ ಹೋದ ಮ್ಯಾಲ ನಾ ಕಸಾ ಹೊಡದೆ. ಅದರಿಂದ ಸಿಕ್ಕೆ."

"ಕಸಾ ಹೊಡದಿ," ಎಂದಳು. ನಗುವಂತೆ ತುಟಿ ಹೋಯಿತು, ನಗಲಿಲ್ಲ. "ಗೆರಿ ಇದ್ರ ಮುತ್ಯಾ ಬಿಡತಿದ್ದ, ಆಯಿ. ನನಗ ಬಿಡತಿದ್ದ."

"ಹೌದು. ಅಂವಾ ಅದೇ ಅಂದಾನ."

ಇವತ್ತಿನ ಮಟ್ಟಿಗೆ ಬಿಡುತ್ತೇನೆ ಎಂದೂ ಅವನು ಅಂದದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತೇನೋ. ಹೇಳಲಿಲ್ಲ.

ಡಾಕ್ಟರು ಮುಂದೆ ಬಂದು ಏನಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಒಳ್ಳೆಯ ಮನುಷ್ಯ, ನನಗೆ ಆಜೀ ಎಂದು ಕೈ ಮುಗಿದರು. ದಾರಿ ಮುಚ್ಚಿದೆ ಎಂದಳು ಇವಳು. ಅವರು ಮರಗಳ ಕಡೆ ನೋಡಿದರು. ಎಲ್ಲರೂ ನೋಡಿದರು. ಅಷ್ಟು ದೂರ ಬಿಸಿಲಲ್ಲಿ ಬಂದವರು, ನೆರಳು ಇಪ್ಪತ್ತು ಮಾರಿನಲ್ಲಿತ್ತು. ಇವತ್ತು ಒಂದು ದಿನ ಕೇಳಿ ನೋಡಲಾಗದೇ, ಏನಾದರೂ ಕಾಣಿಕೆ ಕೊಡೋಣ ಎಂದರು ಡಾಕ್ಟರು. ಅವಳು ನನ್ನ ಕಡೆ ತಿರುಗಿದಳು. ಮರಾಠಿ ನನಗೆ ತಿಳಿಯುತ್ತದೆ ಎಂದು ಅವಳಿಗೆ ಗೊತ್ತು. ನಾನು ನನ್ನ ಹಿಮ್ಮಡಿಯನ್ನು ನೋಡಿಕೊಂಡೆ.

ಆಗುವುದಿಲ್ಲ ಎಂದಳು ಅವರಿಗೆ. ನಿನ್ನೆ ನನ್ನ ಗಾಲಿ ಒಳಗೆ ನೆಲಕ್ಕೆ ತಾಗಿತು, ಅದಕ್ಕೇ ಮುಚ್ಚಿದೆ ಎಂದಳು. ಇಷ್ಟೇ. ಇಳಿಸು ಎಂದವರು ಯಾರು ಎಂದು ಹೇಳಲಿಲ್ಲ. ಒಬ್ಬ ಹೆಂಗಸು ಹಿಂದಿನಿಂದ, ಹಾಗಾದರೆ ಇವಳ ತಪ್ಪಿಗೆ ನಾವೆಲ್ಲ ಹತ್ತಬೇಕಾ ಎಂದು ಗೊಣಗಿದ್ದು ಕೇಳಿಸಿತು. ಮೊಮ್ಮಗಳಿಗೂ ಕೇಳಿಸಿತು. ಬೂಟಿನ ಲಾಡಿ ಕಟ್ಟಿಕೊಂಡು, ಸೈಕಲ್ ತಿರುಗಿಸಿ, ಎಲ್ಲರಿಗಿಂತ ಮೊದಲು ಮರಡಿ ಹತ್ತಿದಳು.

ಆ ಏರಿನಲ್ಲಿ ಗರಸು ಕಾಲ ಕೆಳಗೆ ಜಾರುತ್ತದೆ, ಗಾಲಿಯ ಕೆಳಗೂ ಜಾರುತ್ತದೆ. ನಾಲ್ಕು ಮಾರು ತುಳಿದು ಎಲ್ಲರೂ ಇಳಿದು ನೂಕತೊಡಗಿದರು. ಇವಳೊಬ್ಬಳು ಇಳಿಯಲಿಲ್ಲ. ಸೀಟಿನಿಂದ ಎದ್ದು ನಿಂತು, ತಲೆ ಬಗ್ಗಿಸಿ, ತುಳಿದಳು. ಬಾತ ಹೆಗಲು ಒಂದು ಕಡೆ ವಾಲಿತ್ತು. ಬೋಳು ಗುಡ್ಡದ ಮೇಲೆ ಅವರ ಸಾಲು ಕಾಣದಾಗುವವರೆಗೆ ನಾನು ಕುಳಿತೇ ಇದ್ದೆ, ಏಳಲು ಆಗದೆ.

ಆಮೇಲೆ ಜಾಲಿಮುಳ್ಳಿನ ಒಣಟೊಂಗೆ ಎಳೆದು ತಂದು ಬನದ ಬಾಯಿಗೆ ಅಡ್ಡ ಹಾಕಿದೆ. ಕುರಿಹಟ್ಟಿಯ ಬಾಗಿಲು ಮುಚ್ಚುವುದೂ ಹೀಗೇ. ಅಷ್ಟರಲ್ಲಿ ಕೊಡ ಹಿಡಿದು ಬಂದ ಮೈದುನ ಮುಳ್ಳು ದಾಟಿಕೊಂಡು ಒಳಗೆ ಹೋಗಿ ದೇವರಿಗೆ ನೀರು ಹಾಕಿ ಬಂದ. ಇಬ್ಬರೂ ಮರಡಿ ಹತ್ತಿದೆವು. ಅರ್ಧ ದಾರಿಯಲ್ಲಿ, ಕೋಲು ಕೊಡು ವೈನಿ, ನನ್ನ ಕೈ ಹಿಡಿ ಎಂದ. ಕೊಡಲಿಲ್ಲ.

ಮಂಗಳವಾರ ಮಧ್ಯಾಹ್ನ ಅವಳು ಮನೆಗೆ ಬಂದಳು. ಮುಖ ಬಿಸಿಲಿಗೆ ಸುಲಿದಿತ್ತು. ಚಹಾ ಕೊಟ್ಟೆ, ರೊಟ್ಟಿ ಕೊಟ್ಟೆ. ಕೇಳಿದ್ದಕ್ಕೆ ಮಾತ್ರ ಹೇಳಿದಳು. ಮರಡಿ ಹತ್ತುವುದರಲ್ಲೇ ಹೊತ್ತು ಹೋಯಿತಂತೆ, ಇಬ್ಬರು ಬಿಸಿಲಿಗೆ ವಾಂತಿ ಮಾಡಿಕೊಂಡು ಜೀಪಿನಲ್ಲಿ ಹೋದರಂತೆ. ನಿಲಂಗಾದ ಗುಡಿಗೆ ಮುಟ್ಟುವಾಗ ಮೂರ್ಸಂಜೆಯಾಗಿ ಕಲ್ಲಿನ ಕೆತ್ತನೆ ಯಾರಿಗೂ ಸರಿಯಾಗಿ ಕಾಣಲಿಲ್ಲ. ಮಾರನೆಯ ದಿನ ಮೈ ನೋವೆಂದು ಎಲ್ಲರೂ ಡಾಂಬರು ರಸ್ತೆಯಲ್ಲೇ ಉದಗೀರಕ್ಕೆ ಹೋದರು. ಕೋಟೆ ಹೇಗಿತ್ತು ಎಂದೆ. ದೊಡ್ಡದಿದೆ ಎಂದಳು. ನಾನೂ ನೋಡಿದ್ದೇನೆ, ದೊಡ್ಡದೇ ಇದೆ.

"ಡಾಕ್ಟರು ಏನಂದರು?"

"ಛಲೋ ಮಾಡಿದಿ ಅಂದ್ರು. ಮುಂದಿನ ವರ್ಷ ಉದಗೀರ ಬಾಜು ಹತ್ತಿಬೇಟದಾಗ ಮಾಡೂಣು, ಅಲ್ಲಿ ಗುಡ್ಡ ಅದ, ಜಂಗಲ್ ಅದ ಅಂದ್ರು. ಅಲ್ಲಿಯವರೇ ಯಾರೋ ಹಾದಿ ತೋರಸ್ತಾರಂತ."

"ನೀ?"

"ನಾ ಹಿಂದ ಬರ್ತೀನಿ. ಎಲ್ಲರ ಸಂಗಟ."

ಎತ್ತಿದ ಭಂಡಾರದ ಮಾತು ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮೈದುನ ಒಂದು ದಿನ ಬಿಡುತ್ತೇನೆಂದ ಸುದ್ದಿ ಅವಳಿಗೆ ಊರಿನಲ್ಲಿ ಯಾರಿಂದಲೋ ತಿಳಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅವಳು ರೊಟ್ಟಿ ಮುಗಿಸಿ ತಟ್ಟೆಯಲ್ಲೇ ಕೈ ತೊಳೆದಳು. ಕೈ ಒರೆಸಿಕೊಳ್ಳುತ್ತ, ಬೇರೇನೋ ಹೇಳುವವಳಂತೆ ಸಣ್ಣಗೆ ಹೇಳಿದಳು.

"ಹೊಳಿ ಆ ದಂಡಿಗೆ ಒಂದು ಹಾದಿ ನೋಡ್ಲತ್ತೀನಿ. ಬನ ಇಲ್ಲ, ಕಟ್ಟಳಿ ಇಲ್ಲ. ನೀ ಬರಬ್ಯಾಡ, ಆಯಿ. ನಾ ಒಬ್ಬಾಕಿನೇ ನೋಡ್ತೀನಿ."

ಆ ದಂಡೆಯಲ್ಲಿ ಬರೀ ಎರೆಮಣ್ಣು, ಮಳೆ ಬಿದ್ದರೆ ಗಾಲಿ ಮೇಲೇಳುವುದಿಲ್ಲ, ಒಂದು ಹಳ್ಳ ದಾಟಿದರೆ ಇನ್ನೊಂದು ಹಳ್ಳ. ಕುರಿಯೂ ಹೋಗುವುದಿಲ್ಲ. ಅವಳಿಗೆ ಹೇಳಬಹುದಿತ್ತು. ಕೇಳಲಿಲ್ಲವಲ್ಲ.

"ಬರಂಗಿಲ್ಲ," ಎಂದೆ.

ಅವಳು ಎದ್ದು ಅಂಗಳಕ್ಕೆ ಹೋಗಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಸರಪಳಿ ಒರೆಸತೊಡಗಿದಳು. ನನಗೆ ಬೇಸರವಾಯಿತು ಎಂದು ಓದುವವರು ತಿಳಿಯಬಹುದು. ಆಗಿರಬೇಕು, ಆಮೇಲೆ. ಆ ಹೊತ್ತಿಗೆ ಮಾತ್ರ ಇನ್ನು ನಡೆಯುವುದಿಲ್ಲವಲ್ಲ ಎಂದು ಕಾಲು ಹಗುರವಾಯಿತು. ಅಲ್ಲೇ ಗೋಡೆಗೆ ಒರಗಿ ಕಾಲು ಚಾಚಿದೆ.